ಹಾಸನದ ಯಜಮಾನರ ಮಳೆ ಲೆಕ್ಕ

ಗಗನ್, ಧೃತಿ, ಇದು ನಿಮಗಾಗಿ ಬರೆಯುತ್ತಿರುವುದು. ಈಗಲೇ ಓದಬೇಕೆಂದೇನೂ ಇಲ್ಲ. ಈಗ ನೀವಿಬ್ಬರೂ ಪಕ್ಕದ ಕೋಣೆಯಲ್ಲಿ ಒಂದು ರಬ್ಬರಿಗಾಗಿ ಜಗಳವಾಡುತ್ತಿದ್ದೀರಿ. ನಿಮ್ಮಮ್ಮ ಅಡುಗೆಮನೆಯಿಂದಲೇ ಇಬ್ಬರನ್ನೂ ಸಮನಾಗಿ ಬೈಯುತ್ತಿದ್ದಾಳೆ. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು, ಗಗನ್ ಬರೆಯದೆ ಬಿಟ್ಟ ಗಣಿತದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಒಂದೊಂದು ಹಾಳೆಯ ತಲೆಯಲ್ಲಿ ಭಿನ್ನರಾಶಿಯ ಲೆಕ್ಕ ಅರ್ಧಕ್ಕೇ ನಿಂತಿದೆ. ಅದನ್ನು ಪೂರ್ತಿ ಮಾಡುವುದು ನನ್ನಿಂದ ಆಗುವ ಕೆಲಸವಲ್ಲ, ಅದರ ಕೆಳಗೆ ನನ್ನ ಕಥೆ ಶುರುಮಾಡುತ್ತೇನೆ.

ಇವತ್ತು ಬೆಳಿಗ್ಗೆ ಬೀರುವಿನ ಕೆಳಗಿನ ಖಾನೆಯಿಂದ ಸಂಡಿಗೆ ಪಂಚೆ ತೆಗೆದೆ. ಬಿಡಿಸಿದ ಕೂಡಲೇ ಮೂಗಿಗೆ ಬಂತು ಆ ವಾಸನೆ: ಅಕ್ಕಿ ಗಂಜಿ, ಜೀರಿಗೆ, ಹಸಿಮೆಣಸಿನಕಾಯಿ, ಮೇಲೆ ಒಂದಿಷ್ಟು ಬಿಸಿಲು. ಎಷ್ಟು ಸಲ ಒಗೆದರೂ ಅದು ಹೋಗುವುದಿಲ್ಲ. ನಿಮ್ಮಮ್ಮ ಮೆಷಿನ್ನಿಗೆ ಹಾಕಿ, ಪರಿಮಳದ ನೀರು ಸುರಿದು, ತಿರುಗಿಸಿ ತಿರುಗಿಸಿ ತೆಗೆದರೂ ಜೀರಿಗೆ ಜೀರಿಗೆಯಾಗಿಯೇ ಉಳಿಯಿತು.

ನಮ್ಮ ಕಡೆ ಅಕ್ಕಿ ಸಂಡಿಗೆ ಇಡುವುದು ಗಂಡಸರ ಹಳೇ ಪಂಚೆಯ ಮೇಲೆ. ಸೀರೆಯ ಮೇಲೆ ಇಟ್ಟರೆ ಬಣ್ಣ ಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟ ಸಂಡಿಗೆ ಕರಿದಾಗ ಪ್ಲಾಸ್ಟಿಕ್ಕಿನ ಹಾಗೇ ಇರುತ್ತದೆ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯನ್ನು ನೀರಲ್ಲಿ ಅದ್ದಿ, ಹಿಂಡಿ, ತಾರಸಿಯ ಮೇಲೆ ಹಾಸಿ, ಬಿಸಿ ಗಂಜಿಯನ್ನು ಸೌಟಿನಿಂದ ಸಣ್ಣ ಸಣ್ಣ ಬಿಲ್ಲೆಯಾಗಿ ಬಿಡಬೇಕು. ಸಂಜೆ ಪಂಚೆಯನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿದರೆ ಬಿಲ್ಲೆಗಳು ತಾವಾಗಿ ಬಿಟ್ಟುಕೊಳ್ಳುತ್ತವೆ. ಈ ಪಂಚೆ ನಿಮ್ಮ ತಾತನದು. ಮೂಲೆಯಲ್ಲಿ ಕಂದು ಬಣ್ಣದ ಒಂದು ದೊಡ್ಡ ಕಲೆಯಿದೆ. ಈ ಕಥೆ ಆ ಕಲೆಯದು.

ಧೃತಿ, ನೀನು ತಾತನನ್ನು ಗೋಡೆಯ ಮೇಲೆ ಮಾತ್ರ ನೋಡಿದ್ದೀಯ. ಗಗನ್‌ಗೂ ತಾತನ ಹೆಗಲ ಮೇಲೆ ಕೂತದ್ದಷ್ಟೇ ನೆನಪು. ಆ ಫೋಟೋದಲ್ಲಿ ತಾತ ಕೋಟು ಹಾಕಿಕೊಂಡು, ತುಟಿ ಬಿಗಿಹಿಡಿದು, ಯಾರಿಗೋ ಶಿಕ್ಷೆ ಕೊಡಲು ಕೂತ ಜಡ್ಜಿನ ಹಾಗೆ ಕಾಣುತ್ತಾರೆ. ಆ ಕೋಟು ಫೋಟೋ ಸ್ಟುಡಿಯೋದವನದು. ತಾತ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹಗಲೆಲ್ಲ ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿರುವ ಕೆಲಸ. ಅದಕ್ಕೇ ಇರಬೇಕು, ಮನೆಗೆ ಬಂದರೆ ಅವರಿಗೆ ಆಕಾಶ ನೋಡುವ ಚಟ. ತಾರಸಿ ಹತ್ತುವುದು, ಹಣೆಗೆ ಅಡ್ಡ ಕೈ ಹಿಡಿಯುವುದು, ಇಂಜಿನ್ನಿನಲ್ಲಿ ಏನು ಕೆಟ್ಟಿದೆ ಎಂದು ಹುಡುಕುವವರ ಹಾಗೆ ಮೋಡವನ್ನು ನೋಡುವುದು. ಆಮೇಲೆ ತೀರ್ಪು.

"ಮೋಡದ ಹೊಟ್ಟೆ ಕಪ್ಪಾಗಿದ್ದು ಬಾಲ ಬೆಳ್ಳಗಿದ್ರೆ ಬರಕಿಲ್ಲ ಕಣೆ. ಹೊಟ್ಟೆ ಬೂದಿ ಬಣ್ಣ ಇದ್ದು ಬಾಲ ಕಪ್ಪಗಿದ್ರೆ ಬತ್ತದೆ. ಬಟ್ಟೆ ಹರವ್ಕೋ ಹೋಗು, ಇವತ್ತು ಬರಕಿಲ್ಲ."

ನಾನು ಬಟ್ಟೆ ಹರವುತ್ತಿದ್ದೆ. ಮಳೆ ಬರುತ್ತಿತ್ತು.

ಒಂದು ಸಲವಾದರೂ ಸರಿಯಾಯಿತೇ ಎಂದರೆ ನನಗೆ ನೆನಪಿಲ್ಲ. ಸುಮ್ಮನೆ ಕಣ್ಣುಮುಚ್ಚಿ ಹೇಳಿದರೂ ಅಷ್ಟೋ ಇಷ್ಟೋ ಸರಿಯಾಗಬೇಕಲ್ಲ, ತಾತ ಕಣ್ಣು ಬಿಟ್ಟುಕೊಂಡು ಹೇಳಿದ್ದೆಲ್ಲ ತಪ್ಪು. ನೆನೆದ ಬಟ್ಟೆಗಳನ್ನು ನಾನು ಹಿಂಡುತ್ತಾ ಗೊಣಗಿದರೆ, "ಇದು ಮಳೆಯಲ್ಲ, ಹನಿ" ಅನ್ನುತ್ತಿದ್ದರು.

ಈಗ ನನ್ನ ಗೆಳತಿಯರ ವಿಷಯಕ್ಕೆ ಬರುತ್ತೇನೆ. ಅಜ್ಜಿಗೂ ಫೋನಿನಲ್ಲಿ ಗೆಳತಿಯರೇ ಎಂದು ನೀವು ಒಂದು ಕಾಲಕ್ಕೆ ನಕ್ಕಿದ್ದಿರಿ. ನಗುವಂಥದ್ದೇ. ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿದ್ದ ಆ ದಿನಗಳಲ್ಲಿ ಒಬ್ಬ ಹುಡುಗಿ ಫೋನಿನಲ್ಲೇ ಮಂಡಿ ನೋವಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ನಿಮ್ಮಮ್ಮ ನನ್ನನ್ನು ಅದಕ್ಕೆ ಸೇರಿಸಿದಳು. ಗುಂಪಿನ ಹೆಸರು 'ಮಂಡಿ ನೋವಿಗೆ ವಿದಾಯ'. ಮಂಡಿ ನೋವು ಎಲ್ಲಿಗೂ ಹೋಗಲಿಲ್ಲ, ಹುಡುಗಿಯೇ ಮದುವೆಯಾಗಿ ಹೋದಳು. ಸೇರಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಉಳಿದವರು ನಾವು ನಾಲ್ಕು ಜನ. ನಮಗೆ ಅಷ್ಟು ಸ್ನೇಹವಿತ್ತು ಎಂದಲ್ಲ, ಗುಂಪಿನಿಂದ ಹೊರಗೆ ಬರುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ.

ಅರಕಲಗೂಡಿನ ಪುಟ್ಟಲಕ್ಷ್ಮಮ್ಮ, ಹೊಳೆನರಸೀಪುರದ ಸರೋಜಮ್ಮ, ಚನ್ನರಾಯಪಟ್ಟಣದ ಕಡೆ ಬಾಗೂರಿನ ಜಯಮ್ಮ, ಹಾಸನದ ನಾನು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಸರೋಜಮ್ಮನ ಫೋಟೋದ ಜಾಗದಲ್ಲಿ ಅವರ ಮೊಮ್ಮಗ, ಪುಟ್ಟಲಕ್ಷ್ಮಮ್ಮನದರಲ್ಲಿ ಒಂದು ದಾಸವಾಳ, ಜಯಮ್ಮನದರಲ್ಲಿ ಒಂದು ಎಮ್ಮೆ. ನನ್ನದರಲ್ಲಿ ಏನೂ ಇಲ್ಲ. ಹೆಸರು ಹಿಡಿದು ಕರೆಯುವ ಅಭ್ಯಾಸವೂ ಬೆಳೆಯಲಿಲ್ಲ, ಊರೇ ಹೆಸರಾಯಿತು. "ಅರಕಲಗೂಡು, ತಿಂಡಿ ಆಯ್ತಾ?" "ಬಾಗೂರು ಎರಡು ದಿನದಿಂದ ಮಾತೇ ಇಲ್ಲ, ಜ್ವರಾನಾ?" ಹೊಸಬರು ಯಾರಾದರೂ ಓದಿದರೆ ಊರೂರುಗಳೇ ಮಾತಾಡಿಕೊಳ್ಳುತ್ತಿವೆ ಎಂದುಕೊಳ್ಳಬೇಕು.

ಮಾತೇನು ದೊಡ್ಡದಲ್ಲ. ನಲ್ಲಿ ನೀರು ಬಂತೇ, ಗ್ಯಾಸ್ ಮುಗಿಯಿತೇ, ಬಿಪಿ ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ, ಸೊಪ್ಪಿನ ಸಾರಿಗೆ ಹುಣಸೆಹಣ್ಣು ಹಾಕಬೇಕೋ ಬೇಡವೋ. ಬೆಳಗಿನ ಮೊದಲ ಸುದ್ದಿ ಯಾವಾಗಲೂ ಮಳೆಯದು. ಪಡುವಣದಿಂದ ಬರುವ ಮೋಡ ಅರಕಲಗೂಡಿಗೆ ಮೊದಲು ಕಾಣುತ್ತದೆಂದು ಪುಟ್ಟಲಕ್ಷ್ಮಮ್ಮನಿಗೆ ಸ್ವಲ್ಪ ಜಂಬ. "ಇಲ್ಲಿ ಮೋಡ ಆಗದೆ. ಮೆಣಸಿನಕಾಯಿ ಒಣಗಾಕಿರೋರು ಎತ್ಕಳಿ" ಎಂದು ಡಂಗುರ ಹೊಡೆಯುವರು. ಸರೋಜಮ್ಮ ಔಷಧದವರು. ಎಲ್ಲಿಂದಲೋ ಬಂದ ಸಲಹೆಗಳನ್ನೆಲ್ಲ ನಮಗೆ ತಲುಪಿಸಿದರೇ ಅವರಿಗೆ ಉಂಡ ಅನ್ನ ಅರಗುವುದು. ಒಂದು ಸಲ, ಮಂಡಿಗೆ ಎಳ್ಳೆಣ್ಣೆ ಬಿಸಿಮಾಡಿ ಹಚ್ಚಿ, ಈ ಸಂದೇಶವನ್ನು ಹತ್ತು ಜನಕ್ಕೆ ಕಳಿಸಿ ಎಂದು ಬಂತು. ಜಯಮ್ಮನಿಗೆ ಬರೆಯಲು ಬೇಸರ, ಅವರದು ಯಾವಾಗಲೂ ಧ್ವನಿ. ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ, ಎಮ್ಮೆ ಅರಚುತ್ತಿರುತ್ತದೆ, ಮಧ್ಯೆ ಅವರು.

"ಹತ್ತು ಜನ ಎಲ್ಲವ್ರೆ ಸರೋಜಕ್ಕ, ನಾವು ನಾಕೇ ಜನ. ಮಿಕ್ಕಿದ್ ಎಣ್ಣೆಯ ನಮ್ಮ್ ಎಮ್ಮೆ ಮಂಡಿಗ್ ಅಚ್ಚನಾ?"

ನಾನು ಬರೆಯುವವಳು. ನಿಮಗೆ ಗೊತ್ತು, ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆಗೆ ಹೋಗಿ ನೀರು ಕಾಯಿಸುತ್ತಾ ನಿಲ್ಲುವವಳು. ಹಳ್ಳಿಮೈಸೂರಿನ ಕಡೆಯ ನಮ್ಮ ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದರೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಎದ್ದು ನಿಂತು ಲಂಗದ ಅಂಚು ತಿರುಚಿದ್ದೇ ಹೊರತು ಉತ್ತರ ಹೇಳಿದ್ದಿಲ್ಲ. ಸ್ಲೇಟಿನ ಮೇಲೆ ಬರೆ ಎಂದರೆ ಮಾತ್ರ ಎಲ್ಲರಿಗಿಂತ ಮೊದಲು ಬರೆದು ತೋರಿಸುತ್ತಿದ್ದೆ. ಈ ಫೋನು ನನ್ನ ಪಾಲಿಗೆ ಆ ಸ್ಲೇಟೇ. ಒಂದೇ ಬೆರಳಿನಲ್ಲಿ ನಿಧಾನಕ್ಕೆ, ಮೇಷ್ಟ್ರು ಕಲಿಸಿದ ಪೂರ್ಣವಿರಾಮ ಸಮೇತ. ಪುಟ್ಟಲಕ್ಷ್ಮಮ್ಮ ಅಣಕಿಸುವರು: "ಆಸನ ಮೆಸೇಜ್ ಆಕುದ್ರೆ ತಾಲ್ಲೂಕಾಪೀಸಿಂದ ನೋಟೀಸ್ ಬಂದಂಗಾಯ್ತದೆ ಕಣಮ್ಮ. ಓದಕ್ ಮುಂಚೆ ಎದೆ ಡವಡವ ಅಂತದೆ." ನಾನೂ ಬಿಡುತ್ತಿರಲಿಲ್ಲ. "ತಮ್ಮ ಮೆಣಸಿನಕಾಯಿಯನ್ನು ಜಪ್ತಿ ಮಾಡಲಾಗುವುದು" ಎಂದು ಬರೆಯುತ್ತಿದ್ದೆ. ಆ ಮೂವರ ಕಣ್ಣಿಗೆ ಹಾಸನದವಳು ಭಾರಿ ಬಾಯಿಯವಳು.

ಹಾಗಿರುವಾಗ ಒಂದು ಬೇಸಿಗೆ, ರೇವತಿ ಮಳೆಯ ಹೊತ್ತು. ಪುಟ್ಟಲಕ್ಷ್ಮಮ್ಮ ಕೇಳಿದರು: ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಬೇಕು, ಹಾಸನದಲ್ಲಿ ಆಕಾಶ ಹೇಗಿದೆ? ನಾನು ತಾರಸಿಗೆ ಹೋದೆ. ನನಗೇ ತಿಳಿಯದೆ ಕೈ ಹಣೆಗೆ ಹೋಯಿತು. ಮೋಡದ ಹೊಟ್ಟೆ ಕಪ್ಪು, ಬಾಲ ಬಿಳಿ. ಕೆಳಗಿಳಿದು ಬಂದು ಬರೆದೆ: "ನಮ್ಮನೆಯವರ ಲೆಕ್ಕದಲ್ಲಿ ಮಳೆ ಬರುವುದಿಲ್ಲ."

ಮಧ್ಯಾಹ್ನ ಅರಕಲಗೂಡಿನಲ್ಲಿ ಮೆಣಸಿನಕಾಯಿ ತೇಲಿತು.

ಅವತ್ತು ಆ ಗುಂಪಿನಲ್ಲಿ ನಿಮ್ಮ ತಾತನಿಗೆ ಬಿದ್ದ ಬೈಗುಳ ಇಷ್ಟಿಷ್ಟಲ್ಲ. "ನಿಮ್ ಯಜಮಾನ್ರಿಗೆ ಕಣ್ಣು ಕಾಣಕಿಲ್ವಾ? ಇಲ್ಲ, ಮನೇಲಿ ಕೂತ್ಕಂಡೇ ಏಳ್ಬುಟ್ರಾ?" ಎಂದರು ಪುಟ್ಟಲಕ್ಷ್ಮಮ್ಮ. "ನಮ್ಮೋರ್ನೂ ಅಲ್ಲಿಗೇ ಕಳುಸ್ತೀನಿ, ಇಬ್ರೂ ಕೂತ್ಕಂಡು ತಪ್ಪು ಏಳ್ಕಳ್ಳಿ" ಎಂದರು ಸರೋಜಮ್ಮ. ಅವರ ಯಜಮಾನರು ನಿವೃತ್ತ ಮೇಷ್ಟ್ರು, ಗಳಿಗೆಗೊಂದು ಕಾಫಿ ಕೇಳುವವರು. ಜಯಮ್ಮ ಧ್ವನಿಯಲ್ಲಿ ಬರೀ ನಕ್ಕರು. ಎಮ್ಮೆಯೂ ಜೊತೆಗೂಡಿದ ಹಾಗಿತ್ತು.

ನಿಮ್ಮ ತಾತ ತೀರಿಕೊಂಡಿದ್ದಾರೆ ಎಂದು ಬರೆಯಬೇಕಿತ್ತು. ಬರೆಯಲು ಬೆರಳನ್ನೂ ಎತ್ತಿದೆ. ಆದರೆ ಮಕ್ಕಳೇ, ನನಗೆ ಆಗ ಏನನ್ನಿಸಿತು ಗೊತ್ತೇ? ಅವರು ಹೋದ ಮೇಲೆ ಅವರನ್ನು ಯಾರೂ ಬೈದಿರಲಿಲ್ಲ. ಬಂದವರೆಲ್ಲ "ದೇವರಂಥ ಮನುಷ್ಯ" ಎನ್ನುತ್ತಿದ್ದರು. ನಿಮ್ಮಪ್ಪ ಫೋಟೋಗೆ ಗಂಧದ ಹಾರ ತಂದು ಹಾಕಿದ. ನನಗೆ ಗೊತ್ತಿದ್ದವರು ದೇವರಂಥವರಲ್ಲ. ಸೋಪನ್ನು ನೀರಲ್ಲೇ ಬಿಟ್ಟು ಬರುವವರು, ರೇಡಿಯೋದವನ ಜೊತೆ ವಾದ ಮಾಡುವವರು, ಉಪ್ಪಿಟ್ಟು ಕಂಡರೆ ಮುಖ ತಿರುಗಿಸುವವರು. ದೇವರಂಥವರನ್ನು ಗೊಣಗುವುದಾದರೂ ಹೇಗೆ? ನಗುವುದಾದರೂ ಹೇಗೆ? ಎಷ್ಟೋ ವರ್ಷದ ಮೇಲೆ ಅವತ್ತು ಮೂವರು ಹೆಂಗಸರು ಸೇರಿ ನನ್ನ ಗಂಡನನ್ನು ಬಾಯಿಗೆ ಬಂದ ಹಾಗೆ ಬೈದರು. ನೆನೆದ ಬಟ್ಟೆ ಹಿಂಡುತ್ತಾ ನಾನು ಬೈಯುತ್ತಿದ್ದ ಹಾಗೆಯೇ. ಎತ್ತಿದ ಬೆರಳನ್ನು ಇಳಿಸಿದೆ.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ಬೆಳಿಗ್ಗೆ ಯಾರಾದರೊಬ್ಬರು, "ಹಾಸನದ ಯಜಮಾನರು ಇವತ್ತು ಏನಂತಾರೆ?" ಎಂದು ಕೇಳುವರು. ನಾನು ತಾರಸಿ ಹತ್ತಿ, ಹಣೆಗೆ ಕೈ ಕೊಟ್ಟು, ಅವರ ಲೆಕ್ಕದ ಪ್ರಕಾರ ಉತ್ತರ ಬರೆಯುವೆ. ಮೂವರೂ ಅದಕ್ಕೆ ತದ್ವಿರುದ್ಧ ಮಾಡುವರು. ಬರುತ್ತದೆ ಎಂದರೆ ಅರಕಲಗೂಡಿನಲ್ಲಿ ಮೆಣಸಿನಕಾಯಿ ಹೊರಗೆ ಬಂತು, ಹೊಳೆನರಸೀಪುರದಲ್ಲಿ ಹಾಸಿಗೆ ಬಿಸಿಲಿಗೆ ಬಿತ್ತು. ಬರುವುದಿಲ್ಲ ಎಂದರೆ ಬಾಗೂರಿನಲ್ಲಿ ಬೆರಣಿ ಒಳಗೆ ಹೋಯಿತು. ಯಾರದೂ ನೆನೆಯಲಿಲ್ಲ. ಬದುಕಿದ್ದಾಗ ತಮ್ಮ ಒಂದು ಟವೆಲ್ಲನ್ನೂ ಮಳೆಯಿಂದ ಉಳಿಸಿಕೊಳ್ಳದ ಮನುಷ್ಯ ಈಗ ಮೂರು ತಾಲ್ಲೂಕನ್ನು ಕಾಯುತ್ತಿದ್ದರು.

ನಿಮ್ಮಮ್ಮ ಒಮ್ಮೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿಬಿಟ್ಟಳು. "ಅತ್ತೆ, ಇವ್ರಿಗೆ ಗೊತ್ತಿಲ್ವಾ ಮಾವ ಇಲ್ಲ ಅಂತ?" ಎಂದಳು. ನಾನು ಅವರೆಕಾಳನ್ನು ಆರಿಸುವುದರಲ್ಲಿ ಬಹಳ ಮಗ್ನಳಾದೆ. ಅವಳೂ ಹೆಚ್ಚು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮಾವನ ಲೆಕ್ಕ ಇವತ್ತು ಏನು? ಯೂನಿಫಾರ್ಮ್ ಒಗೀಬೇಕಿತ್ತು" ಎಂದಳು.

ಹೋದ ವರ್ಷ ಬೇಸಿಗೆಯಲ್ಲಿ ಜಯಮ್ಮನ ಧ್ವನಿ ಬಂತು. "ನೋಡ್ರವ್ವ, ಇಷ್ಟ್ ವರ್ಸದಿಂದ ಫೋನಲ್ಲೇ ಸಂಡ್ಗೆ ಇಡ್ತಾ ಇದ್ದೀವಿ. ಈ ಸತಿ ಎಲ್ರೂ ಬಾಗೂರ್ಗ್ ಬನ್ನಿ. ನಮ್ ತಾರ್ಸಿ ದೊಡ್ಡದಾಗದೆ. ಒಬ್ಬೊಬ್ರು ಒಂದೊಂದ್ ಪಂಚೆ ತನ್ನಿ, ಗಂಜಿ ನಂದು. ಆಸನ, ನಿಮ್ ಯಜಮಾನ್ರುನ್ನ ಬುಟ್ಬುಟ್ ಬಂದ್ರೆ ಬಾಗ್ಲು ತೆಗ್ಯಕಿಲ್ಲ. ಅವ್ರು ನಮ್ ತಾರ್ಸಿ ಮೇಲ್ ನಿಂತ್ಕಂಡು ಮಳೆ ಬತ್ತದೆ ಅಂತ ಒಂದ್ ಮಾತ್ ಏಳ್ಬುಡ್ಲಿ, ನಾವು ಧೈರ್ಯವಾಗ್ ಇಡಾನ."

ಉಳಿದಿಬ್ಬರೂ ಒಪ್ಪಿದರು. ದಿನವೂ ಗೊತ್ತಾಯಿತು. ನನಗೆ ಅನ್ನ ಸೇರದ ಹಾಗಾಯಿತು.

ಹೋಗದಿದ್ದರೆ ಇಷ್ಟು ವರ್ಷದ ಗೆಳತಿಯರ ಮುಖ ನೋಡದೇ ಉಳಿಯಬೇಕು. ಹೋದರೆ ಹೇಳಬೇಕು. ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂವರೂ ಒಮ್ಮೆಗೇ "ಅಯ್ಯೋ ಪಾಪ" ಎನ್ನುತ್ತಾರೆ, ನಾಲಿಗೆ ಕಚ್ಚಿಕೊಳ್ಳುತ್ತಾರೆ, ಅವತ್ತಿನಿಂದ ತಾತ ಬಾಗೂರಿನಲ್ಲೂ ದೇವರಂಥ ಮನುಷ್ಯರಾಗುತ್ತಾರೆ. ಬೆಳಿಗ್ಗೆ ಅವರನ್ನು ಕೇಳುವವರು, ಬೈಯುವವರು ಇರುವುದಿಲ್ಲ. ಒಂದು ಸಲ ಕಳೆದುಕೊಂಡವರನ್ನು ಇನ್ನೊಂದು ಸಲ, ಅದೂ ನನ್ನ ಬಾಯಿಂದಲೇ ಹೇಳಿ ಕಳೆದುಕೊಳ್ಳಬೇಕಲ್ಲ ಎಂಬುದೇ ನನ್ನ ಸಂಕಟ. ಅವರಿಗೆ ಮೈ ಸರಿಯಿಲ್ಲ ಎಂದು ಬರೆಯೋಣವೆಂದು ಶುರುಮಾಡಿ ಅಳಿಸಿದೆ. ಇಲ್ಲದವರಿಗೆ ಕಾಯಿಲೆ ತರಿಸಲು ಮನಸ್ಸು ಒಪ್ಪಲಿಲ್ಲ.

ಕೊನೆಗೆ ನಿಮ್ಮಮ್ಮನೇ ಪಂಚೆಯನ್ನು ಮಡಿಸಿ ಚೀಲದಲ್ಲಿಟ್ಟಳು. "ಮಾವನ್ನ ಕರ್ಕೊಂಡ್ ಬನ್ನಿ ಅಂದಿದ್ದಾರಲ್ಲ, ಇದನ್ನೇ ಕರ್ಕೊಂಡ್ ಹೋಗಿ" ಎಂದು ಬಸ್ಸು ಹತ್ತಿಸಿದಳು.

ಮೊದಲ ಬಸ್ಸಿಗೆ ಹಾಸನ ಬಿಟ್ಟೆ. ಚನ್ನರಾಯಪಟ್ಟಣದಲ್ಲಿ ಇಳಿದು ಬಾಗೂರಿನ ಬಸ್ಸು ಹಿಡಿದೆ. ಎರಡು ಬಸ್ಸಿನಲ್ಲೂ ಚೀಲವನ್ನು ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಬಾಗೂರಿನಲ್ಲಿ ಇಳಿದಾಗ ಎಮ್ಮೆಯ ಫೋಟೋದ ಹಾಗೆ ಕಾಣುವ ಯಾರನ್ನೋ ಹುಡುಕಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ. ಜಯಮ್ಮ ಕಡ್ಡಿಯಂಥ ಹೆಂಗಸು. ಧ್ವನಿ ಕೇಳಿದ ಮೇಲೆಯೇ ನಂಬಿಕೆ ಬಂದದ್ದು.

"ಆಸನನಾ?" ಎಂದರು. ತಲೆಯಾಡಿಸಿದೆ. ಅವರ ಕಣ್ಣು ನನ್ನ ಬೆನ್ನ ಹಿಂದೆ ಹುಡುಕಿತು. "ಎಲ್ಲವ್ರೆ ಯಜಮಾನ್ರು?"

ಬಾಯಿ ತೆರೆದೆ. ಸ್ಕೂಲಿನಲ್ಲಿ ಆಗುತ್ತಿದ್ದುದೇ ಆಯಿತು, ಸೆರಗು ತಿರುಚಿದೆ.

"ಟೀ ಕುಡಿಯಕ್ ನಿಂತ್ಕಂಡ್ರಾ? ಬರ್ಲಿ ಬರ್ಲಿ, ಈ ಊರಲ್ಲಿ ತಪ್ಸಿಕೊಳ್ಳಕ್ ಆಯ್ತದಾ" ಎಂದು ನನ್ನ ಕೈ ಹಿಡಿದುಕೊಂಡು ನಡೆದೇಬಿಟ್ಟರು. ನನ್ನ ಹಣೆ ನೋಡಿಯಾದರೂ ತಿಳಿಯಬಾರದಿತ್ತೇ ಎಂದುಕೊಂಡೆ. ಆದರೆ ನಿಮ್ಮಮ್ಮನ ಬಲವಂತಕ್ಕೆ ನಾನು ದಿನವೂ ಒಂದು ಸಣ್ಣ ಬೊಟ್ಟು ಇಡುತ್ತೇನೆ. ಅದು ನನ್ನ ಪರವಾಗಿ ಏನನ್ನೂ ಹೇಳಲಿಲ್ಲ.

ತಾರಸಿಯ ಮೇಲೆ ಪುಟ್ಟಲಕ್ಷ್ಮಮ್ಮ, ಸರೋಜಮ್ಮ ಆಗಲೇ ತಮ್ಮ ತಮ್ಮ ಪಂಚೆ ಹಾಸಿ ಕೂತಿದ್ದರು. ಗುಂಡಗೆ ಕುಳ್ಳಗೆ ಇರುವವರು ಪುಟ್ಟಲಕ್ಷ್ಮಮ್ಮ. ಕನ್ನಡಕ ಹಾಕಿಕೊಂಡು ಗಂಜಿಯ ಉಪ್ಪು ನೋಡುತ್ತಿದ್ದವರು ಸರೋಜಮ್ಮ. ನಾನು ಒಂದು ಮೂಲೆಯಲ್ಲಿ ಪಂಚೆ ಹಾಸಿ, ತಲೆ ಬಗ್ಗಿಸಿ ಬಿಲ್ಲೆ ಬಿಡತೊಡಗಿದೆ. ಕೇಳಿದ್ದಕ್ಕೆಲ್ಲ ಹೂಂ, ಊಹೂಂ.

"ಇವ್ರು ನಮ್ ಆಸನ ಅಲ್ಲ ಕಣ್ರಮ್ಮ" ಎಂದರು ಪುಟ್ಟಲಕ್ಷ್ಮಮ್ಮ. "ಬಸ್ಸಲ್ಲಿ ಯಾರೋ ಬದ್ಲಾಗ್ ಬಂದವ್ರೆ. ನೋಟೀಸ್ ಕೊಡೋರು ಇಂಗಿರ್ತಾರಾ?"

"ಯಜಮಾನ್ರು ಬಂದ್ಮೇಲೆ ಬಾಯ್ ಬತ್ತದೆ ಬುಡಿ" ಎಂದರು ಸರೋಜಮ್ಮ.

ಬಿಲ್ಲೆ ಬಿಟ್ಟು ಮುಗಿಯುವ ಹೊತ್ತಿಗೆ ಜಯಮ್ಮ ತಿಂಡಿ ತಂದರು. ಎಲ್ಲರಿಗೂ ಉಪ್ಪಿಟ್ಟು. ಅದರ ಜೊತೆಗೆ ಒಂದು ತಟ್ಟೆ ಬೇರೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿದ್ದು. ಅದನ್ನು ನೀರಿನ ತೊಟ್ಟಿಯ ನೆರಳಿನಲ್ಲಿಟ್ಟು, "ಅದ್ನ ಯಾರೂ ಮುಟ್ಬ್ಯಾಡಿ. ಆಸನದ ಯಜಮಾನ್ರು ಉಪ್ಪಿಟ್ಟು ತಿನ್ನಕಿಲ್ವಲ್ಲ, ಅವ್ರಿಗೆ ಅಕ್ಕಿರೊಟ್ಟಿ ತಟ್ಟಿವ್ನಿ" ಎಂದರು.

ನಾನು ಎಂದೋ ಬರೆದಿದ್ದ ಒಂದು ಸಾಲು. ಅದನ್ನು ನೆನಪಿಟ್ಟುಕೊಂಡು ಎದ್ದು ರೊಟ್ಟಿ ತಟ್ಟಿದ್ದಾರೆ. ಆ ಮುಚ್ಚಿದ ತಟ್ಟೆಯನ್ನು ನೋಡಿದೆ. ಅಲ್ಲಿಯವರೆಗೆ ತಾತ ಆ ಮೂವರಿಗೆ ಬರೀ ತಮಾಷೆಯ ಮಾತು ಎಂದುಕೊಂಡಿದ್ದೆ. ಅವರಿಗಾಗಿ ಒಬ್ಬರು ಒಲೆಯ ಮುಂದೆ ನಿಂತಿದ್ದರು. ಇನ್ನು ಸುಮ್ಮನಿರಲು ಆಗಲಿಲ್ಲ. ಹೇಳಲೂ ಆಗಲಿಲ್ಲ. ಸೌಟು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನು ತೆಗೆದು ಬರೆದೆ.

ಸರೋಜಮ್ಮನ ಸೊಂಟದಲ್ಲಿ ಟಿಣ್ ಎಂದಿತು. ಪುಟ್ಟಲಕ್ಷ್ಮಮ್ಮನ ಚೀಲದಲ್ಲಿ ಟಿಣ್ ಎಂದಿತು. ಕೆಳಗೆ ಅಡುಗೆಮನೆಯಲ್ಲಿ ಜಯಮ್ಮನದೂ ಟಿಣ್ ಎಂದಿರಬೇಕು. "ಇದ್ಯಾರು, ನಾವೆಲ್ಲ ಇಲ್ಲೇ ಇದ್ದೀವಲ್ಲ" ಎನ್ನುತ್ತಾ ಪುಟ್ಟಲಕ್ಷ್ಮಮ್ಮ ಫೋನನ್ನು ದೂರ ಹಿಡಿದು, ಸ್ಕೂಲಿನ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದರು.

"ಜಯಮ್ಮನವರೇ, ಆ ರೊಟ್ಟಿಯನ್ನು ಎತ್ತಿಡಬೇಡಿ. ನಮ್ಮನೆಯವರು ತೀರಿಕೊಂಡು ವರ್ಷಗಳಾದವು. ನಾವು ಒಬ್ಬರಿಗೊಬ್ಬರು ಪರಿಚಯವಾಗುವ ಮುಂಚೆಯೇ. ಮೋಡ ನೋಡುತ್ತಿದ್ದವಳು ನಾನು. ಲೆಕ್ಕ ಮಾತ್ರ ಅವರದು. ನೀವೆಲ್ಲ ಅವರನ್ನು ಬೈಯುವುದು ನನಗೆ ಇಷ್ಟವಾಗಿತ್ತು. ಆದ್ದರಿಂದ ಹೇಳಲಿಲ್ಲ."

ಕೆಳಗೆ ಎಮ್ಮೆ ಒಂದು ಸಲ ಕೂಗಿತು. ನಾನು ಗಂಜಿಯ ಪಾತ್ರೆಯ ತಳ ನೋಡುತ್ತಾ ಆ "ಅಯ್ಯೋ ಪಾಪ"ಕ್ಕೆ ಕಾದೆ.

ಜಯಮ್ಮ ಎದ್ದು ಹೋಗಿ ತೊಟ್ಟಿಯ ನೆರಳಿನಿಂದ ತಟ್ಟೆ ತಂದರು. ರೊಟ್ಟಿಯನ್ನು ನಾಲ್ಕು ಭಾಗ ಮಾಡಿ, ಮೊದಲ ತುಂಡನ್ನು ನನ್ನ ಕೈಯಲ್ಲಿಟ್ಟರು. "ತಿನ್ನಿ. ಅವ್ರ ಪಾಲು, ಆರೋಯ್ತದೆ" ಎಂದರು, ಅಷ್ಟೇ.

ಪುಟ್ಟಲಕ್ಷ್ಮಮ್ಮ ತಮ್ಮ ತುಂಡನ್ನು ಅಗಿದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಂಗಾರೆ ನನ್ ಮೆಣಸಿನಕಾಯಿ ತೇಲ್ಸಿದ್ದು ಯಾರು?"

"ನಾನೇ" ಎಂದೆ. ಅವತ್ತು ನನ್ನ ಬಾಯಿಂದ ಬಂದ ಮೊದಲ ಮಾತು ಅದು.

"ಲೆಕ್ಕ ಯಾರ್ದು?"

"ಅವರದು."

"ಅಂಗಾರೆ ಅವ್ರೇ ಕಣವ್ವ ತೇಲ್ಸಿದ್ದು. ಸತ್ತೋರು ಅಂತ ಬುಟ್ಬುಡಾಕಾಯ್ತದಾ? ಚೀಲ ಮೆಣಸಿನಕಾಯಿ ಓಯ್ತು ನಂದು. ಬೈಯದ ನಾನ್ ಬುಡಕಿಲ್ಲ, ಮೊದ್ಲೇ ಏಳಿವ್ನಿ."

ಸರೋಜಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಗಾಜನ್ನು ಒರೆಸಿದರೋ ಕಣ್ಣನ್ನೋ ನಾನು ನೋಡಲಿಲ್ಲ. "ಬೈಯದು ಆಮೇಲ್ ಬೈಯಾನ" ಎಂದರು. "ಮೋಡ ಆಗ್ತಾ ಅದೆ ಕಣ್ರಮ್ಮ. ಆಸನ, ಎದ್ದೇಳಿ. ಯಜಮಾನ್ರು ಏನಂತಾರೆ ನೋಡಿ."

ನಿಜವೇ. ಪಡುವಣದಲ್ಲಿ ಒಂದು ಮೋಡ ಎದ್ದಿತ್ತು. ನಾನು ಎದ್ದು ನಿಂತೆ. ಮೂವರೂ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಹಣೆಗೆ ಅಡ್ಡ ಕೈ ಹಿಡಿದೆ. ಹೊಟ್ಟೆ ಕಪ್ಪು. ಬಾಲ ಬೆಳ್ಳಗೆ, ಹಿಂಜಿದ ಹತ್ತಿಯ ಹಾಗೆ.

"ಬರಲ್ಲ ಅಂತಾರೆ" ಎಂದೆ.

ಅವರು ಎದ್ದ ರಭಸ ನೀವು ನೋಡಬೇಕಿತ್ತು. ಮಂಡಿ ನೋವಿಗೆ ವಿದಾಯ ಹೇಳುವುದು ಎಂದರೆ ಅದೇ. "ಬರಕಿಲ್ವಂತೆ, ಎತ್ಕಳ್ರಮ್ಮ, ಎತ್ಕಳಿ" ಎಂದು ಜಯಮ್ಮ ಕೂಗಿದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಹಸಿ ಸಂಡಿಗೆಯ ಸಮೇತ ಒಂದೊಂದೇ ಪಂಚೆಯನ್ನು ಮೆಟ್ಟಿಲಿಳಿಸಿ ನಡುಮನೆಗೆ ಸಾಗಿಸಿದೆವು. ಕೊನೆಯದು ತಾತನ ಪಂಚೆ. ಮೆಟ್ಟಿಲ ತಿರುವಿನಲ್ಲಿ ಪುಟ್ಟಲಕ್ಷ್ಮಮ್ಮನ ಕೈ ಜಾರಿ, ಪಂಚೆ ಮಡಚಿಕೊಂಡು, ಬಿಲ್ಲೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಗೋಡೆಗೆ ಮೆತ್ತಿದ್ದ ಕೆಮ್ಮಣ್ಣೂ ಅದಕ್ಕೆ ಬಳಿದುಕೊಂಡಿತು. ಹೋಗಲಿ, ಮಳೆಯಿಂದಲಾದರೂ ಉಳಿಯಿತಲ್ಲ ಎಂದು ಫ್ಯಾನು ಹಾಕಿ, ನಾಲ್ವರೂ ಬಾಗಿಲಲ್ಲಿ ಸಾಲಾಗಿ ಕೂತು ಮಳೆಗೆ ಕಾದೆವು.

ಮೋಡ ಬಂತು. ತಲೆಯ ಮೇಲೆ ಬಂತು. ನಿಂತು ನೋಡಿತು. ಒಂದು ಹನಿಯನ್ನೂ ಹಾಕದೆ ಮೂಡಲ ಕಡೆಗೆ ಹೊರಟುಹೋಯಿತು. ಹಿಂದೆಯೇ, ಕರಿದು ತೆಗೆಯುವಂಥ ಬಿಸಿಲು.

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗೆ ಫ್ಯಾನಿನ ಕೆಳಗೆ ನಾಲ್ಕು ಪಂಚೆಯ ಸಂಡಿಗೆ ಹಳಸುವ ದಾರಿ ಹಿಡಿದಿತ್ತು.

ಸರೋಜಮ್ಮ ನಿಧಾನಕ್ಕೆ ಹೇಳಿದರು: "ಇದ್ದಾಗೆಲ್ಲ ತಪ್ಪು ಏಳಿ, ನಾವು ಅದನ್ನ ನಂಬ್ಕಂಡ್ ಮೇಲೆ ಇವತ್ತು ಸರಿ ಏಳ್ಬುಟ್ರಲ್ಲ."

"ನಮ್ಮ್ ಸಂಡ್ಗೆ ಆಳ್ಮಾಡಕ್ಕೇ ಏಳವ್ರೆ" ಎಂದರು ಪುಟ್ಟಲಕ್ಷ್ಮಮ್ಮ. "ನಾನ್ ಬೈದಿದ್ ಕೇಳಿಸ್ಕಂಡವ್ರೆ. ಎಂಥಾ ಮನ್ಸ ಕಣವ್ವ ನಿನ್ ಗಂಡ. ಸತ್ರೂ ಅಟ ಬುಡಕಿಲ್ವಲ್ಲ."

ನನಗೆ ಎಲ್ಲಿಂದ ಬಂತೋ ನಗು, ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಳ್ಳುವುದನ್ನೂ ಮರೆತು ನಕ್ಕೆ. "ಅವರು ಯಾವತ್ತೂ ಹೀಗೇ. ಇಡೀ ಜೀವಮಾನ ನನಗೂ ಇದೇ ಮಾಡಿದ್ದು" ಎಂದೆ, ಬೀದಿಗೆ ಕೇಳುವಷ್ಟು ಜೋರಾಗಿ. ಆಮೇಲೆ ಮಾತು ನಿಲ್ಲಲೇ ಇಲ್ಲ. ಸೋಪಿನ ಕಥೆ, ರೇಡಿಯೋದ ಕಥೆ, ನಮ್ಮ ಮದುವೆಯ ದಿನ ಚಪ್ಪರ ಬೇಡ, ಮಳೆ ಬರುವುದಿಲ್ಲ ಎಂದು ಹೇಳಿ ಬೀಗರನ್ನೆಲ್ಲ ನೆನೆಸಿದ ಕಥೆ. ಜಯಮ್ಮ ಕಾಫಿಯ ಮೇಲೆ ಕಾಫಿ ತಂದರು. ಕೊನೆಯ ಬಸ್ಸಿನ ಹೊತ್ತಾಗುವವರೆಗೂ ನನ್ನ ಬಾಯಿಯೊಂದೇ ನಡೆದದ್ದು. "ಇವಾಗ ಬಂತು ನೋಡಿ ನಮ್ ಆಸನ, ಮುಂದಿನ್ ಬಸ್ಸಿಗೆ" ಎಂದರು ಪುಟ್ಟಲಕ್ಷ್ಮಮ್ಮ.

ಆ ಮುದ್ದೆ ಸಂಡಿಗೆಯನ್ನು ಬಿಡಿಸಿ, ಮಾರನೆಯ ದಿನ ಒಣಗಿಸಿ, ಜಯಮ್ಮ ಪಂಚೆಗಳ ಸಮೇತ ಮೂರೂ ಊರಿಗೆ ಬಸ್ಸಿನಲ್ಲಿ ಕಳಿಸಿದರು. ಸ್ವಲ್ಪ ಹುಳಿ, ಆಕಾರವೇ ಇಲ್ಲ. ನೀವಿಬ್ಬರೂ ಹೋದ ವರ್ಷ ಸಾರನ್ನದ ಜೊತೆ ಕಚ್ಚಾಡಿಕೊಂಡು ತಿಂದು ಮುಗಿಸಿದಿರಿ. ಅದೇ ಅದು. ಪಂಚೆಯ ಮೇಲಿನ ಕಲೆ ಜಯಮ್ಮನ ಮನೆಯ ಮೆಟ್ಟಿಲಿನದು. ಅದು ಹೋಗದಿದ್ದುದೇ ಒಳ್ಳೆಯದಾಯಿತು.

ಈಗ ಇವತ್ತಿನ ಬೆಳಗಿಗೆ ಬರುತ್ತೇನೆ. ಪಂಚೆ ಬಿಡಿಸಿ, ಮೂಸಿ ನೋಡುತ್ತಿರುವಾಗಲೇ ಫೋನು ಟಿಣ್ ಎಂದಿತು. ಅರಕಲಗೂಡು. "ಮೆಣಸಿನಕಾಯಿ ತಂದಿವ್ನಿ. ಏನಂತಾವ್ರೆ ನಿಮ್ ಯಜಮಾನ್ರು? ಈ ಸತಿ ಸರಿ ಏಳ್ತಾರಾ, ತಪ್ಪು ಏಳ್ತಾರಾ, ಅದ್ನೂ ಮೊದ್ಲೇ ಕೇಳ್ಬುಡಿ." ಇದೇ ಈಗಿನ ಹೊಸ ತೊಂದರೆ. ಒಂದು ಸಲ ಸರಿ ಹೇಳಿ ಅವರು ಎಲ್ಲವನ್ನೂ ಕೆಡಿಸಿಬಿಟ್ಟಿದ್ದಾರೆ. ತಿರುಗಿಸಿ ಹಿಡಿಯಬೇಕೋ, ಹಾಗೆಯೇ ಹಿಡಿಯಬೇಕೋ ಎಂದು ಮೂರು ಊರಿನಲ್ಲೂ ದಿನ ಬೆಳಗಾದರೆ ಚರ್ಚೆ.

ತಾರಸಿಗೆ ಹೋದೆ. ಮೋಡದ ಹೊಟ್ಟೆ ಬೂದಿ ಬಣ್ಣ, ಬಾಲ ಕಪ್ಪು. ಬರೆಯಲೆಂದು ಬೆರಳೆತ್ತಿದವಳು ನಿಲ್ಲಿಸಿದೆ. ಜಯಮ್ಮ ಒತ್ತುವ ಆ ಮೈಕಿನ ಗುರುತನ್ನು ನಾನೂ ಒತ್ತಿ ಹಿಡಿದುಕೊಂಡು, "ಬತ್ತದೆ ಅಂತಾವ್ರೆ. ನಿಮ್ಮಿಷ್ಟ" ಎಂದೆ. ಪೂರ್ಣವಿರಾಮವಿಲ್ಲದೆ.

ಗಗನ್, ಧೃತಿ, ಗೋಡೆಯ ಮೇಲಿನ ಆ ಕೋಟಿನವರಿಗೆ ಬೇಕಾದರೆ ಕೈಮುಗಿಯಿರಿ. ಆದರೆ ನಿಮ್ಮ ಬಟ್ಟೆ ಮಳೆಯಲ್ಲಿ ನೆನೆದ ದಿನ ಅವರನ್ನು ಒಂದು ಮಾತು ಬೈಯಿರಿ, ಅವರಿಗೆ ಅದು ಬೇಕು. ಅವರ ಲೆಕ್ಕವನ್ನು ಹೊಟ್ಟೆ, ಬಾಲ ಸಮೇತ ಬರೆದಿದ್ದೇನೆ. ಇದು ಇನ್ನೆಲ್ಲೂ ಸಿಗುವುದಿಲ್ಲ. ಈ ಹಾಳೆಗಳನ್ನು ಭಿನ್ನರಾಶಿಯ ಜೊತೆ ರದ್ದಿಗೆ ಹಾಕದೆ, ಆ ಕಲೆಯ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿ ಜೋಪಾನವಾಗಿಡಿ. ಎಂದಾದರೂ ತಾರಸಿಯ ಮೇಲೆ ಕೂತು ಓದುತ್ತಿರುವಾಗ ಮೋಡ ಬಂದರೆ ಮೊದಲು ಇವನ್ನು ಎತ್ತಿಕೊಂಡು ಒಳಗೆ ಓಡಿ. ತಾತ ಏನು ಹೇಳುತ್ತಾರೆಂದು ನೋಡುತ್ತಾ ನಿಲ್ಲಬೇಡಿ.